ಎದ್ದು ಹೋಗುವ ನಾಯಿ

ನಮ್ಮ ಮನೆಯ ನಾಯಿಯನ್ನು ಮೊದಲ ಸಲ ನೋಡಿದವರು ಯಾರೂ ಸುಮ್ಮನೆ ಹೋಗುವುದಿಲ್ಲ. ಹಾಲು ಹಾಕುವವನು ಕೇಳುತ್ತಾನೆ, ಎದುರು ಮನೆಯಾಕೆ ಕೇಳುತ್ತಾಳೆ: "ಏನ್ರಿ ಅಮ್ಮಾರ, ನಾಯಿಗಿ ಊಟಾ ಹಾಕಂಗಿಲ್ಲೇನ್ರಿ? ಎಲುಬು ಎಣಸಾಕ ಬರ್ತಾವಲ್ಲ!" ಅದು ಆಗಷ್ಟೇ ರೊಟ್ಟಿ ಮಜ್ಜಿಗೆ ಉಂಡು ಮಲಗಿರುತ್ತದೆ. ಮುಧೋಳ ನಾಯಿಯ ಮೈಯೇ ಹಾಗೆ, ಎದೆ ಆಳ, ನಡು ಸಣ್ಣ, ಎಷ್ಟು ತಿಂದರೂ ಪಕ್ಕೆಲುಬು ಕಾಣುತ್ತವೆ ಎಂದು ನಾನು ಹೇಳಬೇಕು. ಅಷ್ಟು ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅವರು ಓಣಿಯ ಕೊನೆ ಮುಟ್ಟಿರುತ್ತಾರೆ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸಲೀಸು. ಅದಕ್ಕೇ ಮೊಮ್ಮಕ್ಕಳೇ, ಈ ನಾಯಿ ನಮ್ಮ ಮನೆಗೆ ಹೇಗೆ ಬಂತೆಂದು ನಿಮಗಾಗಿ ಬರೆದಿಡುತ್ತಿದ್ದೇನೆ. ದೊಡ್ಡವಳೇ, ನಿನಗೆ ಅರ್ಧ ನೆನಪಿದೆ, ಉಳಿದರ್ಧ ನೀನೇ ಕಟ್ಟಿಕೊಂಡು ಗೆಳತಿಯರಿಗೆ ಹೇಳುತ್ತಿರುತ್ತೀ. ಸಣ್ಣವನೇ, ನಿನಗೆ ಏನೂ ನೆನಪಿರಲಿಕ್ಕಿಲ್ಲ. ನೀನಾಗ ಅಂಬೆಗಾಲಿಡುವ ಕೂಸು. ಆದರೆ ನಡೆದದ್ದೆಲ್ಲ ನಿನ್ನ ಸಲುವಾಗಿಯೇ.

ನಾಯಿ ಬೇಕು ಎಂದದ್ದು ನಿಮ್ಮ ಅವ್ವ. ಅವಳ ತವರು ಸಾರವಾಡದಲ್ಲಿ ಹೊಲ ಕಾಯಲು ಯಾವಾಗಲೂ ಮುಧೋಳ ನಾಯಿಗಳಿದ್ದವು. ಮದುವೆಯಾಗಿ ವಿಜಯಪುರದ ಈ ಮೂರು ಕೋಣೆಯ ಮನೆಗೆ ಬಂದ ಮೇಲೆ ಅವಳು ಯಾವುದನ್ನೂ ಹಟ ಹಿಡಿದು ಕೇಳಿದವಳಲ್ಲ. ಆ ಬೇಸಿಗೆಯಲ್ಲಿ, ಸೂಟಿ ಸುರುವಾಗುವ ಮುಂಚೆ, ಬಬಲೇಶ್ವರದಲ್ಲಿ ಅವಳು ಕಲಿಸುವ ಸಾಲಿಯಲ್ಲಿ ಯಾರೋ ಹೇಳಿದರಂತೆ: ತಿಕೋಟಾದ ಹೊರಗೆ ಒಬ್ಬ ಹೆಣ್ಣುಮಗಳಿದ್ದಾಳೆ, ಬೇರೆಯವರು ಬಿಟ್ಟುಹೋದ ಬೇಟೆ ನಾಯಿಗಳನ್ನು ಸಾಕುತ್ತಾಳೆ, ಒಳ್ಳೆಯ ಮನೆ ಸಿಕ್ಕರೆ ಕೊಡುತ್ತಾಳೆ.

ನಿಮ್ಮ ಅಪ್ಪ ಊಟದ ತಾಟಿನಿಂದ ತಲೆ ಎತ್ತಿದ. "ಕೂಸು ಈಗ ಅಂಬಗಾಲ ಇಡಾಕತ್ತೈತಿ. ಈಗ ಬ್ಯಾಟಿ ನಾಯಿ ತರ್ತೇನಿ ಅಂತೀಯಲ್ಲ. ತಲಿ ಗಿಲಿ ಕೆಟ್ಟೈತೇನು?"

"ನಾ ಅಂಥಾ ನಾಯಿ ಬೆನ್ನ ಮ್ಯಾಲ ಬಿದ್ದ ಬೆಳದಾಕಿ. ನನಗೇನ ಆಗೈತಿ?"

"ಅದನ್ನ ನಾ ಹೇಳಬೇಕು," ಎಂದು ಅವನು ನಕ್ಕ. ಅವಳು ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಅತ್ತೀ, ದಿನಾ ಕೂಸಿನ ಕೂಡ ಮನ್ಯಾಗ ಇರಾಕಿ ನೀವು. ನೀವು ಹೂಂ ಅಂದ್ರ ತರೂದು, ಬ್ಯಾಡ ಅಂದ್ರ ಬಿಡೂದು. ಯಾವ ನಾಯಿ ಅನ್ನೂದೂ ನೀವ ಹೇಳ್ರಿ."

ಯಾರು ಏನು ಕೇಳಿದರೂ "ನಿಮಗ ತಿಳಿದಂಗ ಮಾಡ್ರಿ" ಎನ್ನುವುದು ನನ್ನ ರೂಢಿ. ಈ ಸಲ ಆ ಮಾತು ನಡೆಯುವಂತಿರಲಿಲ್ಲ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಈ ಮನೆಯಲ್ಲಿ ಉಳಿಯುವವರು ನಾನು, ಕೂಸು, ಆ ನಾಯಿ. ನಾನು ಆರಿಸಿದ್ದು ತಪ್ಪಿದರೆ ಹಲ್ಲು ತಾಗುವುದು ಕೂಸಿಗೆ. ಬೇಡವೆಂದು ಬಿಡಬಹುದಿತ್ತು. ಆದರೆ ಸೊಸೆಯ ಮುಖ ನೋಡಿದೆ. ಜೊತೆಗೆ, ನಿಜ ಹೇಳಬೇಕೆಂದರೆ, ಆ ನಾಯಿಗಳು ಹೇಗಿರುತ್ತವೆಂದು ನೋಡುವ ಆಸೆ ನನಗೂ ಇತ್ತು. "ಮೊದಲ ನೋಡಿ ಬರೂಣು," ಎಂದೆ.

ಭಾನುವಾರ ಕೂಸನ್ನು ಅಪ್ಪನ ಕೈಗೆ ಕೊಟ್ಟು ನಾವು ಮೂವರು ಹೆಣ್ಣುಮಕ್ಕಳು ತಿಕೋಟಾ ಬಸ್ಸು ಹತ್ತಿದೆವು. ಊರು ದಾಟಿ ದ್ರಾಕ್ಷಿ ತೋಟಗಳ ನಡುವೆ ಸ್ವಲ್ಪ ನಡೆದರೆ ಆ ಮನೆ. ಮನೆಯಾಕೆಯ ಗಂಡನದು ಆಡಿನ ವ್ಯಾಪಾರ. ಅಂಗಳದ ತುಂಬ ಆಡು, ಆಡಿನ ಮರಿ. ದೊಡ್ಡವಳೇ, ನೀನು ಹೋದ ಕೂಡಲೆ ಆಕೆಯನ್ನು "ಚಾಚಿ" ಎಂದು ಕರೆದೆ, ನಾವೂ ಹಾಗೆಯೇ ಕರೆಯತೊಡಗಿದೆವು. ಒಣದ್ರಾಕ್ಷಿ ಶೆಡ್ಡುಗಳ ಕೆಲಸ ಮುಗಿದು ಜನ ಹೋದಾಗ ಕೆಲವರು ಕಾವಲಿಗೆ ತಂದ ನಾಯಿಯನ್ನು ಅಲ್ಲೇ ಕಟ್ಟಿ ಹೋಗುತ್ತಾರಂತೆ. ಇನ್ನು ಕೆಲವರು ಓಟದ ಶರತ್ತಿಗೆಂದು ಸಾಕಿ, ಓಡದಿದ್ದರೆ ರಸ್ತೆಗೆ ಬಿಡುತ್ತಾರಂತೆ.

ನಮ್ಮ ಕಾಲಸಪ್ಪಳಕ್ಕೆ ಎರಡು ನಾಯಿ ಎದ್ದು ಬಂದವು. ಒಂದು ಬಿಳಿ ಗಂಡು, ಹರೆಯದ್ದು, ಮೈ ಮೇಲೆ ಕೂದಲು ಇದೆಯೋ ಇಲ್ಲವೋ ಎನ್ನುವಷ್ಟು ನುಣುಪು. ಸೊಸೆಯ ಕಣ್ಣು ಅದರ ಮೇಲೆಯೇ ನಿಂತವು. ಇನ್ನೊಂದು ಜೋಳದ ದಂಟಿನ ಬಣ್ಣದ ಹೆಣ್ಣು, ಒಂದು ಕಿವಿ ಹರಿದಿತ್ತು, ತನ್ನಷ್ಟಕ್ಕೆ ಗಂಭೀರವಾಗಿತ್ತು. ನನಗೆ ಆಶ್ಚರ್ಯವಾದದ್ದು ಅವುಗಳ ನೋಟ. ಓಣಿಯ ನಾಯಿಗಳು ಮೊದಲು ನಮ್ಮನ್ನು ಮೂಸುತ್ತವೆ. ಇವು ಮೂಸಲಿಲ್ಲ. ದೂರದಲ್ಲೇ ನಿಂತು, ಕಾಡಿಗೆ ಹಚ್ಚಿದಂಥ ಕಣ್ಣಿಂದ ನಮ್ಮನ್ನು ದಾಟಿ ಹಿಂದಿನ ರಸ್ತೆಯಲ್ಲಿ ಹೋಗುವ ಸೈಕಲ್ಲನ್ನು ನೋಡುತ್ತಿದ್ದವು.

ಚಾಚಿಗೆ ನಾನು ಏನು ನೋಡುತ್ತಿದ್ದೇನೆಂದು ತಿಳಿಯಿತು. "ಬ್ಯಾರೆ ನಾಯಿ ಮೂಗಿಲೆ ಬದಕತಾವ ಬೇ. ಇವು ಕಣ್ಣಿಲೆ ಬದಕತಾವ. ಓಡೂದು ಕಂಡ್ರ ಬೆನ್ನ ಹತ್ತತಾವ. ನಿಂತದ್ದನ್ನ ಹೊಳ್ಳಿ ಸುದ್ದಾ ನೋಡಂಗಿಲ್ಲ."

ಆ ಮಾತು ಬಸ್ಸಿನಲ್ಲಿ ನನ್ನ ಜೊತೆ ಬಂತು. ಓಡುವುದು, ಅಲುಗುವುದು. ನಮ್ಮ ಮನೆಯಲ್ಲಿ ಅಲುಗುವುದು ಏನಿದೆ? ಮನೆಗೆ ಬಂದು ಬಾಗಿಲಲ್ಲಿ ನಿಂತರೆ ಉತ್ತರ ಎದುರಿಗೇ ತೂಗುತ್ತಿತ್ತು. ಸಣ್ಣವನೇ, ನಡುಮನೆಯ ಕೊಂಡಿಗೆ ಹಳೆಯ ಸೀರೆ ಕಟ್ಟಿ ಮಾಡಿದ ನಿನ್ನ ತೊಟ್ಟಿಲು. ಅದು ನೆಲದಿಂದ ಮೊಣಕಾಲೆತ್ತರಕ್ಕಿದೆ, ಅಂದರೆ ನಾಯಿಯ ಕಣ್ಣಿನೆತ್ತರಕ್ಕೆ. ಅದರೊಳಗಿಂದ ನಿನ್ನ ಕುಂಚಿಗೆಯ ತುದಿ ಹೊರಗೆ ಜೋತು ಅತ್ತ ಇತ್ತ ಆಡುತ್ತಿತ್ತು. ಕುಂಚಿಗೆ ಗೊತ್ತಲ್ಲ, ತಲೆಯಿಂದ ಬೆನ್ನಿನ ತನಕ ಇಳಿಯುವ ಕೂಸಿನ ಟೊಪ್ಪಿಗೆ. ನಿನ್ನದಕ್ಕೆ ಕೆಂಪು ಗೊಂಡೆ ಇದ್ದವು.

ನಾಯಿಗೆ ತೊಟ್ಟಿಲು ತೋರಿಸಬೇಕು, ಆದರೆ ಕೂಸಿಲ್ಲದೆ. ಕೂಸಿಲ್ಲದ ತೊಟ್ಟಿಲು ತೂಗುವುದು ನಮ್ಮಲ್ಲಿ ಒಳ್ಳೆಯದಲ್ಲ ಎನ್ನುತ್ತಾರೆ. ಅದಕ್ಕೆ ದಾರಿಯೂ ನಮ್ಮಲ್ಲೇ ಇದೆ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲೊಳಗೆ ಹೋಗುವುದು ಗುಂಡಪ್ಪ. ರುಬ್ಬುವ ಗುಂಡುಕಲ್ಲಿಗೆ ಅಂಗಿ ಟೊಪ್ಪಿಗೆ ಹಾಕಿ, ಹೆಣ್ಣುಮಕ್ಕಳು ತೊಟ್ಟಿಲಿನ ಕೆಳಗಿಂದ ಒಬ್ಬರು ಕೊಟ್ಟು ಮೇಲಿಂದ ಒಬ್ಬರು ಇಸಿದುಕೊಂಡು, ನಗುತ್ತ ಅದನ್ನು ಮಲಗಿಸುತ್ತಾರೆ. ಬರಬಹುದಾದ ಕೇಡು ಕಲ್ಲಿಗೆ ಹೋಗಲಿ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ನಿಮ್ಮ ಅಜ್ಜ ಹೋದ ಮೇಲೆ ನಾನು ಆ ಸಾಲಿನಲ್ಲಿ ನಿಂತಿಲ್ಲ. ನಿಮ್ಮಿಬ್ಬರ ಹೆಸರಿಡುವಾಗಲೂ ಅಡುಗೆಮನೆಯ ಬಾಗಿಲಿಂದ ನೋಡಿದವಳು. ಆದರೆ ನಾಯಿ ಆರಿಸುವ ಶಾಸ್ತ್ರಕ್ಕೆ ಮುತ್ತೈದೆಯರೇ ಬೇಕೆಂದು ಯಾರೂ ಬರೆದಿಟ್ಟಿಲ್ಲ.

ಮುಂದಿನ ಭಾನುವಾರ ನಾನು ಚೀಲದಲ್ಲಿ ತೊಟ್ಟಿಲ ಸೀರೆ, ಹಗ್ಗ, ಕುಂಚಿಗೆ, ಗುಂಡುಕಲ್ಲು ತುಂಬುವುದನ್ನು ನಿಮ್ಮ ಅಪ್ಪ ನೋಡಿದ. "ಯವ್ವಾ, ನಾಯಿ ನೋಡಾಕ ಹೊಂಟೀಯೋ, ನಾಯಿಗಿ ಹೆಸರಿಡಾಕ ಹೊಂಟೀಯೋ?"

ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಬದಿಗೆ ಸರಿಸಲು ಹೋಗಿ ಸೊಂಟ ಹಿಡಿದುಕೊಂಡ. "ಏನ್ರಿ ಅಮ್ಮಾರ ಇದು, ಕಲ್ಲ ತುಂಬೀರೇನು?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ದೊಡ್ಡವಳೇ, ನೀನು ಸೀಟಿನ ಮೇಲೆ ನಿಂತು, ಬಸ್ಸಿಗೆಲ್ಲ ಕೇಳುವಂತೆ ಹೇಳಿದೆ: "ಕಲ್ಲ ಅಲ್ಲರಿ, ಗುಂಡಪ್ಪ. ನಾಯಿಗಿ ತೋರಸಾಕ ಒಯ್ಯಾಕತ್ತೇವಿ."

"ಹಂಗಾದ್ರ ಅವಂಗೂ ಅರ್ಧಾ ಟಿಕೀಟ ತಗೋರಿ," ಎಂದ ಕಂಡಕ್ಟರ್. ತಿಕೋಟಾ ಬರುವ ತನಕ ಬಸ್ಸಿನಲ್ಲಿ ಅದೇ ನಗು. ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕೂತೆ, ನನಗೂ ಒಳಗೊಳಗೆ ನಗು.

ಚಾಚಿಯ ಅಂಗಳದ ಬೇವಿನ ಟೊಂಗೆಗೆ ತೊಟ್ಟಿಲು ಕಟ್ಟಿದೆವು. ಗುಂಡಪ್ಪನಿಗೆ ಕುಂಚಿಗೆ ಹಾಕಿ ಮಲಗಿಸಿದೆ. ಮೊದಲು ಬಿಳಿ ನಾಯಿ. ಚಾಚಿ ಅದರ ಹಗ್ಗ ಸಡಿಲವಾಗಿ ಹಿಡಿದಿದ್ದಳು. ನಾನು ತೊಟ್ಟಿಲನ್ನು ಮೆಲ್ಲಗೆ ತೂಗಿದೆ. ನಾಯಿಯ ಕುತ್ತಿಗೆ ಉದ್ದವಾಯಿತು. ಮುಂದಿನ ಒಂದು ಕಾಲು ಮೇಲೆದ್ದು ಹಾಗೇ ನಿಂತಿತು. ಕಿವಿ, ಬಾಲ, ಉಸಿರು ಎಲ್ಲ ನಿಂತು, ಕಣ್ಣು ಮಾತ್ರ ಗೊಂಡೆಯ ಜೊತೆ ಅತ್ತ ಇತ್ತ ಹೋಗುತ್ತಿದ್ದವು. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಾನು ಯಾಕೆ ಬಂದಿದ್ದೇನೆಂಬುದೇ ಮರೆತುಹೋಯಿತು. ಆಮೇಲೆ ಅದು ಹಾರಿದ್ದು ನನಗೆ ಕಾಣಲಿಲ್ಲ. ಕಂಡದ್ದು ಅದರ ಬಾಯಲ್ಲಿದ್ದ ಕೆಂಪು ಗೊಂಡೆ.

"ಅದಕ್ಕೇನ ಸಿಟ್ಟಿಲ್ಲ ಬೇ, ಆಟ ಅದು," ಎಂದಳು ಚಾಚಿ. ಸೊಸೆ ನೆಲ ನೋಡಿದಳು. ಆಟವೇ ಇರಲಿ, ಸಣ್ಣವನೇ, ಆ ಗೊಂಡೆ ನಿನ್ನ ಕೆನ್ನೆಯ ಪಕ್ಕದಲ್ಲಿರುವಂಥದ್ದು.

ಹೆಣ್ಣು ನಾಯಿಯನ್ನು ಬಿಟ್ಟರು. ಅದು ತೂಗುವ ತೊಟ್ಟಿಲನ್ನು ಒಮ್ಮೆ ನೋಡಿತು, ಹತ್ತಿರ ಬಂದು ಗುಂಡಪ್ಪನನ್ನು ಮೂಸಿತು, ಆಕಳಿಸಿತು, ತೊಟ್ಟಿಲಿನ ಕೆಳಗೇ ನೆರಳಿನಲ್ಲಿ ಮಲಗಿಬಿಟ್ಟಿತು. ದೊಡ್ಡವಳೇ, ನೀನು ಚಪ್ಪಾಳೆ ತಟ್ಟಿದೆ. "ಆಯೀ, ಇದ ಪಾಸಾತು!" ಸೊಸೆಯೂ ಬಿಳಿಯದನ್ನು ಮನಸ್ಸಿನಿಂದ ಇಳಿಸಿ, "ಇದೂ ಛಲೋನ ಐತಿ ಬಿಡ್ರಿ," ಎಂದಳು. ಚಾಚಿ ಕೊರಳಿಗೆ ಕಟ್ಟಲು ಹೊಸ ಹಗ್ಗ ತಂದಿಟ್ಟು ಚಹಾಕ್ಕೆ ಒಲೆ ಹಚ್ಚಿದಳು.

ಅವರೆಲ್ಲ ಮಾತಿಗೆ ಕೂತರು. ಮಾತಿನ ನಡುವೆ ಕೂಡಲು ನನಗೆ ಮೊದಲಿನಿಂದಲೂ ಮುಜುಗರ. ಚಹಾದ ಬಸಿ ಹಿಡಿದು ಗೋಡೆಯ ಕಡೆ ಸರಿದು, ಮಲಗಿದ ನಾಯಿಯನ್ನು ನೋಡುತ್ತ ಕೂತೆ. ಈ ಜಾತಿಯವು ನಿದ್ದೆಯಲ್ಲೂ ಕಣ್ಣು ಪೂರಾ ಮುಚ್ಚುವುದಿಲ್ಲವೆಂದು ಆಗಲೇ ನನಗೆ ಗೊತ್ತಾದದ್ದು. ರೆಪ್ಪೆಯ ಸಂದಿಯಲ್ಲಿ ಬಿಳುಪು ಕಾಣುತ್ತಿತ್ತು. ಎಚ್ಚರವೋ ನಿದ್ದೆಯೋ ಎಂದು ಯೋಚಿಸುತ್ತಿರುವಾಗ ಒಂದು ಆಡಿನ ಮರಿ ಕುಣಿಯುತ್ತ ಬಂದು ಅದರ ಬೆನ್ನ ಮೇಲೆ ಕಾಲಿಟ್ಟಿತು.

ನಾಯಿ ಎದ್ದದ್ದು, ಬಾಯಿ ತೆರೆದದ್ದು, ಹಲ್ಲು ಟಕ್ಕೆಂದದ್ದು ಎಲ್ಲ ಒಂದೇ ಹೊತ್ತಿಗೆ. ಮರಿಯ ಮುಖಕ್ಕೂ ಹಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಇದ್ದಿರಬೇಕು. ಮರುಗಳಿಗೆಗೆ ಅದಕ್ಕೆ ಎಚ್ಚರವಾಯಿತು. ಬಾಲ ಕಾಲೊಳಗೆ ಸೇರಿಸಿ, ಮರಿಯ ಕಿವಿ ನೆಕ್ಕಿತು. ಯಾರೂ ನೋಡಿರಲಿಲ್ಲ. ಚಾಚಿ ಏಲಕ್ಕಿ ಜಜ್ಜುತ್ತಿದ್ದಳು. ನೀನು ಹೊಸ ಹಗ್ಗಕ್ಕೆ ಗಂಟು ಹಾಕುತ್ತಿದ್ದೆ.

ನಾನು ಕಲ್ಲಿನಿಂದ ಪರೀಕ್ಷೆ ಮಾಡಿದ್ದೆ. ಕಲ್ಲು ತೊಟ್ಟಿಲಿನಿಂದ ಇಳಿಯುವುದಿಲ್ಲ, ಅಂಬೆಗಾಲಿಡುವುದಿಲ್ಲ, ಮಲಗಿದ ನಾಯಿಯ ಕಣ್ಣಿಗೆ ಬೆರಳು ಹಾಕುವುದಿಲ್ಲ. ಕೂಸು ಅಷ್ಟನ್ನೂ ಮಾಡುತ್ತದೆ. ಅಷ್ಟು ದೂರ ಹೊತ್ತು ತಂದ ಗುಂಡಪ್ಪನನ್ನು ನೋಡಿದರೆ ಅವನು ಕುಂಚಿಗೆಯೊಳಗೆ ಆರಾಮಾಗಿ ಮಲಗಿದ್ದ.

ಎಲ್ಲ ಮುಗಿದು ಹಗ್ಗವೂ ಬಂದ ಮೇಲೆ ಬೇಡವೆನ್ನುವುದು ಹೇಗೆ? ಬಸಿ ಕೆಳಗಿಟ್ಟೆ. "ಚಾಚೀ, ಇದನ್ನ ಮಲಗಿದಾಗ ಮುಟ್ಟಿದ್ರ ಏನ ಮಾಡ್ತೈತಿ?" ಎಂದು ಕೇಳಿದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

ಚಾಚಿಯ ಕೈ ನಿಂತಿತು. "ನೋಡಿದಿರೇನು?" ಎಂದಳು. "ಕೂಸು ಐತಿ ಅಂದ್ರಿ, ಆದ್ರ ಇನ್ನೂ ತೊಟ್ಟಲದಾಗಿನ ಕೂಸು ಅಂತ ತಿಳದೆ. ನಿದ್ದಿಯಾಗ ಇದನ್ನ ಯಾರೋ ಬಡದಾರ ಅಂತ ಕಾಣತೈತಿ ಬೇ. ಎಚ್ಚರ ಇದ್ರ ಇದರಂಥಾ ಶಾಣೇಕಿ ಇಲ್ಲ. ಬರೇ ದೊಡ್ಡವರ ಇರೂ ಮನಿಗಿ ಇದು ಚಿನ್ನ."

"ಹಂಗಾದ್ರ ನಮಗ ಬ್ಯಾಡ," ಎಂದೆ. ಸೊಸೆ ನನ್ನನ್ನೇ ನೋಡಿದಳು. ನಾನು ಅವಳೆದುರು ಬೇಡವೆಂದ ಮೊದಲ ಮಾತದು. ತಿರುಗಿ ಮನೆ ಮುಟ್ಟಿದಾಗ ನಿಮ್ಮ ಅಪ್ಪ ಬಾಗಿಲಲ್ಲೇ ಕೇಳಿದ: "ಏನಾತು, ಗುಂಡಪ್ಪ ಒಬ್ಬನ ಬಂದಾನ?" ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಎರಡು ದಿನ ಅವಳು ನಾಯಿಯ ಸುದ್ದಿ ಎತ್ತಲಿಲ್ಲ. ನನಗೋ ತಲೆಯ ತುಂಬ ಅದೇ. ಎಂಥ ನಾಯಿ ಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ, ಎಂಥದು ಬೇಡ ಎಂಬುದಷ್ಟೇ ಗೊತ್ತಿತ್ತು. ಸೂಟಿ ಇದ್ದದ್ದರಿಂದ ಕೂಸು ನೋಡಿಕೊಳ್ಳಲು ಅವಳು ಮನೆಯಲ್ಲಿದ್ದಳು. ಬುತ್ತಿ ಕಟ್ಟಿಕೊಂಡು, "ನಾ ಒಮ್ಮಿ ತಿಕೋಟಾಕ ಹೋಗಿ ಬರ್ತೇನಿ," ಎಂದೆ. "ಒಬ್ಬರ?" ಎಂದಳು. "ಒಬ್ಬಾಕಿನ," ಎಂದೆ.

ಚಾಚಿ ಗೋಡೆಯ ಪಕ್ಕ ಚಾಪೆ ಹಾಸಿದಳು. ಈ ಸಲ ನಾನು ತೊಟ್ಟಿಲು ತಂದಿರಲಿಲ್ಲ, ಏನನ್ನೂ ತೂಗಲಿಲ್ಲ. ಸುಮ್ಮನೆ ಕೂತು ನೋಡಿದೆ. ಬಿಸಿಲು ಏರಿದಂತೆ ಬಿಳಿ ನಾಯಿ, ಹೆಣ್ಣು ನಾಯಿ ಶೆಡ್ಡಿನೊಳಗೆ ಹೋದವು. ಆಡಿನ ಮರಿಗಳು ನನ್ನೆದುರಿನ ಬೂದಿಗುಂಡಿಯ ಹತ್ತಿರ ಕುಣಿಯುತ್ತಿದ್ದವು. ಒಂದು ಮರಿ ಒಂದು ದಿಬ್ಬದ ಮೇಲೆ ಹತ್ತಿತು. ದಿಬ್ಬ ಎದ್ದು ನಿಂತಿತು.

ನಾನು ಬೆಚ್ಚಿದೆ. ಅದು ನಾಯಿ. ಬೂದಿಯದೇ ಬಣ್ಣ, ಮೂತಿಯ ಮೇಲೆ ನರೆ, ತುಸು ಮುದಿ. ಮರಿ ಜಾರಿ ಬೀಳುವ ತನಕ ನಿಂತು, ಮೈ ಮುರಿದು, ನಡೆದುಕೊಂಡು ಹೋಗಿ ಗೋಡೆಯ ಆಚೆ ಬದಿಗೆ ಮಲಗಿತು. ಮರಿಗಳು ಅಲ್ಲಿಗೂ ಹೋದವು. ಮತ್ತೆ ಎದ್ದಿತು. ಗುರ್ ಎನ್ನಲಿಲ್ಲ, ಹಲ್ಲು ತೋರಲಿಲ್ಲ. ಮಳೆ ಬಂದರೆ ಅಂಗಳದಿಂದ ಒಳಗೆ ಹೋಗುವವರ ಹಾಗೆ ಎದ್ದು ಹೋಗಿ, ಈ ಸಲ ಚಾಚಿಯ ಬಾಜಿನ, ಅಂದರೆ ಹಗ್ಗದ ಮಂಚದ ಕೆಳಗೆ ನುಸುಳಿತು. ಅಲ್ಲಿಗೆ ಮರಿಗಳು ಬರದಂತೆ ಚಾಚಿ ಕಟ್ಟಿಗೆಯ ತುಂಡು ಅಡ್ಡ ಇಟ್ಟಿದ್ದಳು.

"ಇದು ಯಾವಾಗ ಬಂತು?" ಎಂದು ಕೇಳಿದೆ.

"ಯಾವಾಗ ಅಂದ್ರ? ಎಲ್ಲಾಕಿಂತ ಮೊದಲಿಂದ ಐತಿ. ನೀವು ಬಂದಾಗೆಲ್ಲಾ ಇಲ್ಲೇ ಬಿದ್ದಿತ್ತು. ಇದಕ್ಕ ಯಾರೂ ಕೇಳಂಗಿಲ್ಲ ಬೇ, ಬಂದವರ ಮುಂದ ಏಳೂದ ಇಲ್ಲ."

ನನಗೆ ನಗು ಬಂತು. ನಾನೂ ಆ ನಾಯಿಗಳ ಹಾಗೆಯೇ, ಅಲುಗಿದ್ದನ್ನಷ್ಟೇ ಕಂಡಿದ್ದೆ. ಹೊತ್ತು ಇಳಿಯುವ ತನಕ ಅದನ್ನೇ ನೋಡಿದೆ. ಬುಟ್ಟಿ ಉರುಳಿಸಿದೆ, ಸೆರಗು ಬೀಸಿದೆ. ಒಮ್ಮೆ ತಲೆ ಎತ್ತಿತು, ಮತ್ತೆ ಇಟ್ಟಿತು. ಮಲಗಿದಾಗ ಚಾಚಿ ಉದ್ದ ಕೋಲಿನ ತುದಿಗೆ ಅರಿವೆ ಸುತ್ತಿ ಬೆನ್ನಿಗೆ ತಾಗಿಸಿದಳು. ಎದ್ದಿತು, ಹೋಯಿತು.

ಮನೆಗೆ ಬಂದು ಸೊಸೆಗೆ ಹೇಳಿದೆ. ಮರುದಿನ ನಿಮ್ಮ ಅಪ್ಪ ಕೆಲಸಕ್ಕೆ ರಜೆ ಹಾಕಿದ, ಎಲ್ಲರೂ ಹೋದೆವು, ಕೂಸನ್ನೂ ಕರೆದುಕೊಂಡು. ಅವಳು ಅದನ್ನು ಸುತ್ತು ಹಾಕಿ ನೋಡಿದಳು. "ಅತ್ತೀ, ಇದು ಓಡೂದ ಇಲ್ಲಲ್ರಿ."

"ಓಡೂದು ಬ್ಯಾಡವಾ. ಎದ್ದ ಹೋಗೂದು ಬೇಕು."

ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅದರ ಕಿವಿಯ ಹಿಂದೆ ಒಂದು ಜಾಗ ಅವಳ ಬೆರಳಿಗೆ ಮೊದಲೇ ಗೊತ್ತಿದ್ದಂತಿತ್ತು. ನಾಯಿ ಕಣ್ಣು ಮುಚ್ಚಿತು, ಪೂರಾ ಮುಚ್ಚಿತು. "ನಮ್ಮ ಅಪ್ಪನ ನಾಯಿ ಮುದಿ ಆದಾಗ ಹಿಂಗ ಇತ್ತು," ಎಂದಳು. ನಿಮ್ಮ ಅಪ್ಪ ಕೂಸನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ದೂರದಲ್ಲಿ ಕೂತಿದ್ದ. ಸಣ್ಣವನೇ, ನಾಯಿ ಬಂದು ನಿನ್ನ ಅಂಗಾಲು ಮೂಸಿ, ತಿರುಗಿ ಸೊಸೆಯ ಹತ್ತಿರ ಹೋಯಿತು.

ನಾಯಿ ಮನೆಗೆ ಬಂದದ್ದೇ ಹೊಸ ಫಜೀತಿ. ಟೈಲ್ಸ್ ಎಂಬುದನ್ನು ಅದು ಕಂಡಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಒಂದು ಕಾಲು ಒಳಗಿಟ್ಟು, ಜಾರಿ, ಹಿಂದಕ್ಕೆ ತೆಗೆದುಕೊಂಡಿತು. ಕಡೆಗೆ ನಾವು ಬಾಗಿಲಿಂದ ನನ್ನ ಮಂಚದ ತನಕ ಗೋಣಿಚೀಲ ಹಾಸಿ ದಾರಿ ಮಾಡಿದೆವು. ಎದ್ದು ಹೋಗುವ ನಾಯಿಗೆ ಹೋಗಲು ಒಂದು ಜಾಗ ಬೇಕಲ್ಲ. ಅದು ನನ್ನ ಮಂಚದ ಕೆಳಗೆ. ಹಳೆಯ ಸೀರೆಗಳ ಒಂದು ಸಣ್ಣ ಕೌದಿ ಹೊಲಿದು ಹಾಸಿದೆ. ನಿಮ್ಮ ಅಪ್ಪ ಮಂಚದ ಕಾಲುಗಳಿಗೆ ಅಡ್ಡ ಹಲಗೆ ಬಡಿದ, ನಾಯಿ ದಾಟುವಷ್ಟು ಎತ್ತರ, ಕೂಸು ದಾಟಲಾರದಷ್ಟು. ತೊಟ್ಟಿಲನ್ನು ಮೇಲೆ ಕಟ್ಟಿದೆವು, ಕುಂಚಿಗೆಯ ಉಳಿದ ಗೊಂಡೆಗಳನ್ನು ನಾನೇ ಕತ್ತರಿಸಿದೆ. ಕೂಸು, ನಾಯಿ ಇಬ್ಬರನ್ನೇ ಬಿಟ್ಟು ಯಾರೂ ಕೋಣೆಯಿಂದ ಹೊರಗೆ ಹೋಗಬಾರದು ಎಂಬುದು ನಾನು ಹಾಕಿದ ನಿಯಮ. ನನ್ನ ನಿಯಮ ಎಂದು ಈ ಮನೆಯಲ್ಲಿ ಇದೊಂದೇ ಇದೆ, ಇಂದಿಗೂ ನಡೆಯುತ್ತದೆ. ಹರಿದ ಕಿವಿಯ ಹೆಣ್ಣು ನಾಯಿ ಬಿಜ್ಜರಗಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹೋಯಿತೆಂದು ಚಾಚಿ ಆಮೇಲೆ ಹೇಳಿದಳು. ಬಿಳಿಯದು ಇನ್ನೂ ಅಲ್ಲೇ ಸೈಕಲ್ಲು ನೋಡುತ್ತ ನಿಲ್ಲುತ್ತದಂತೆ.

ಇಷ್ಟೆಲ್ಲ ಮಾಡಿದರೂ ಒಳಗೊಂದು ಹೆದರಿಕೆ ಇದ್ದೇ ಇತ್ತು. ಕೋಲಿನ ತುದಿಯ ಅರಿವೆಯೂ ಒಂದು ಬಗೆಯ ಗುಂಡಪ್ಪನೇ ಅಲ್ಲವೆ? ಸಾಲಿ ಸುರುವಾಗಿ ನಿಮ್ಮ ಅವ್ವ ಬಬಲೇಶ್ವರಕ್ಕೆ ಹೋಗತೊಡಗಿದಳು. ಒಂದು ದಿನ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಸಣ್ಣವನೇ, ನೀನು ಎದುರಿಗೇ ಚಾಪೆಯ ಮೇಲೆ ಚಮಚೆ ಹಿಡಿದು ಕೂತಿದ್ದೆ. ನಾಯಿ ಬಾಗಿಲ ಬಿಸಿಲಿನಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಹೆಂಚಿನ ಮೇಲಿನ ರೊಟ್ಟಿ ಹೊರಳಿಸಿ ತಿರುಗಿ ನೋಡಿದರೆ ಚಾಪೆ ಬರಿದು. ಚಮಚೆ ಬಿಟ್ಟು ನೀನು ಅರ್ಧ ದಾರಿ ಹೋಗಿದ್ದೆ, ಅಷ್ಟು ಜೋರಾಗಿ ಅಂಬೆಗಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದೆ. ನನ್ನ ಮೊಣಕಾಲು ನಿಮಗೆ ಗೊತ್ತಲ್ಲ, ಬೇಗ ಏಳುವುದಿಲ್ಲ. ನಾನು ನಿಲ್ಲುವಷ್ಟರಲ್ಲಿ ನಿನ್ನ ಕೈ ಅದರ ಪಕ್ಕೆಲುಬಿನ ಮೇಲೆ ಬಿದ್ದಿತ್ತು.

ನಾಯಿ ಕಣ್ಣು ತೆರೆಯಿತು. ನಿನ್ನನ್ನು ನೋಡಿತು. ಎದ್ದಿತು, ಮೈ ಮುರಿಯಿತು, ಗೋಣಿಚೀಲದ ದಾರಿ ಹಿಡಿದು ನಡೆದು, ಹಲಗೆ ದಾಟಿ, ಮಂಚದ ಕೆಳಗೆ ಹೋಯಿತು. ನೀನು ಬರಿದಾದ ಚೀಲದ ಮೇಲೆ ಕುಂಡಿ ಊರಿ ಕೂತು, ಬಾಯಿ ತೆರೆದು, ಓಣಿಗೆ ಕೇಳುವಂತೆ ಅತ್ತೆ. ನಾನು ಹಿಟ್ಟಿನ ಕೈಯಿಂದಲೇ ನಿನ್ನನ್ನು ಎತ್ತಿಕೊಂಡೆ. ಹೆಂಚಿನ ಮೇಲೆ ರೊಟ್ಟಿ ಕರಕಾಯಿತು.

ಸಂಜೆ ನಿಮ್ಮ ಅವ್ವ ಬಂದು, ನಿನ್ನ ಬೆನ್ನ ಮೇಲಿನ ಹಿಟ್ಟಿನ ಬೆರಳಗುರುತು ನೋಡಿ, ಉಬ್ಬಿದ ಕಣ್ಣು ನೋಡಿ ಕೇಳಿದಳು: "ಯಾಕ ಅತ್ತಾನ್ರಿ ಇಂವ ಇವತ್ತ?"

"ಏನಿಲ್ಲವಾ," ಎಂದೆ. "ನಾಯಿ ಎದ್ದ ಹೋತಂತ."